ಚಿತ್ರಕಥಾ ರಚನೆಯಲ್ಲಿ ಸ್ಫುರಣವಾದ ಮತ್ತು ನಕ್ಷಾವಾದ: ಒಂದು ತಾತ್ವಿಕ ಅನುಸಂಧಾನ

ಚಿತ್ರಕಥೆ ಬರೆಯುವವರಲ್ಲಿ ಎರಡು ಪಂಥಗಳಿವೆ. ಕತೆ ತಾನಾಗಿ ಹೊಳೆಯುತ್ತದೆ, ಅದು ಹೋದ ಕಡೆ ಪೆನ್ನು ಹೋದರೆ ಸಾಕು ಎನ್ನುವವರು ಸ್ಫುರಣವಾದಿಗಳು. ಕೊನೆಯ ಸೀನು ಗೊತ್ತಾಗದೆ ಮೊದಲ ಸೀನು ಬರೆಯಬಾರದು ಎನ್ನುವವರು ನಕ್ಷಾವಾದಿಗಳು. ಇವೆರಡರ ನಡುವಣ ಬಿಕ್ಕಟ್ಟನ್ನು ದೃಶ್ಯಸಂಕಥನದ ಪರಿಪ್ರೇಕ್ಷ್ಯದಲ್ಲಿ, ಪ್ರಾಗ್ಲೇಖನಾವಸ್ಥೆಯ ನೆಲೆಯಲ್ಲಿ, ಕರ್ತೃ ಮತ್ತು ಪಠ್ಯಗಳ ಮುಖಾಮುಖಿಯ ತಾತ್ವಿಕತೆಯಾಗಿ ಗ್ರಹಿಸಬೇಕಾಗುತ್ತದೆ. ಸರಳವಾಗಿ ಹೇಳುವುದಾದರೆ, ಡಿಸ್ಕಷನ್ನಿಗೆಂದು ಹಿಡಿದ ಲಾಡ್ಜಿನ ರೂಮಿನಲ್ಲಿ ಮೊದಲ ದಿನ ನೋಟ್‌ಬುಕ್ ತೆರೆಯಬೇಕೋ ಬೇಡವೋ ಎಂಬುದು ಪ್ರಶ್ನೆ. ಸರಳವಾಗಿ ಹೇಳುವುದು ಶಾಸ್ತ್ರಕ್ಕೆ ಶೋಭೆಯಲ್ಲವಾದ್ದರಿಂದ ಆ ಕ್ರಮವನ್ನು ಇಲ್ಲಿಗೇ ಕೈಬಿಡಲಾಗಿದೆ.

ನಕ್ಷಾವಾದದ ವಂಶಾವಳಿ ದೊಡ್ಡದು. ನಾಟ್ಯಶಾಸ್ತ್ರ ಐದು ಅವಸ್ಥೆ, ಐದು ಅರ್ಥಪ್ರಕೃತಿ, ಐದು ಸಂಧಿಗಳನ್ನು ಹೇಳಿತು. ಅರಿಸ್ಟಾಟಲ್ ಆದಿ, ಮಧ್ಯ, ಅಂತ್ಯಗಳಿಗೇ ತೃಪ್ತಿಪಟ್ಟ. 1979ರಲ್ಲಿ ಅಮೆರಿಕದ ಸಿಡ್ ಫೀಲ್ಡ್ ‘ಸ್ಕ್ರೀನ್‌ಪ್ಲೇ’ ಎಂಬ ಪುಸ್ತಕ ಬರೆದು, ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ 120 ಪುಟಗಳನ್ನು ಮೂರು ಅಂಕಗಳಿಗೆ ಹಂಚಿ, 25ನೇ ಪುಟದ ಆಸುಪಾಸಿನಲ್ಲಿ ಕತೆಗೆ ಮೊದಲ ದೊಡ್ಡ ತಿರುವನ್ನು ವಿಧಿಸಿದರು. 2005ರಲ್ಲಿ ಬ್ಲೇಕ್ ಸ್ನೈಡರ್ ಅವರ ‘ಸೇವ್ ದಿ ಕ್ಯಾಟ್’ 15 ಬೀಟ್‌ಗಳನ್ನು ಪುಟಸಂಖ್ಯೆ ಸಮೇತ ನಿಗದಿಮಾಡಿತು. ಅದರ ಪ್ರಕಾರ 12ನೇ ಪುಟದಲ್ಲಿ ಕತೆಗೆ ಕಿಡಿ ಬೀಳಬೇಕು, 75ನೇ ಪುಟದಲ್ಲಿ ನಾಯಕ ಸರ್ವಸ್ವವನ್ನೂ ಕಳೆದುಕೊಳ್ಳಬೇಕು. 74ರಲ್ಲೇ ಕಳೆದುಕೊಂಡ ನಾಯಕನಿಗೆ ಪ್ರಾಯಶ್ಚಿತ್ತವೇನೆಂಬುದು ಧರ್ಮಸೂಕ್ಷ್ಮ. ನಾಯಕ ಆರಂಭದಲ್ಲೇ ಬೆಕ್ಕಿನ ಮರಿ ಉಳಿಸುವಂಥ ಒಂದು ಒಳ್ಳೆಯ ಕೆಲಸ ಮಾಡಿದರೆ ಪ್ರೇಕ್ಷಕ ಅವನ ಪಕ್ಷ ವಹಿಸುತ್ತಾನೆಂಬುದು ಆ ಶೀರ್ಷಿಕೆಯ ಇಂಗಿತ. ಕನ್ನಡದ ನಾಯಕರು ಮಾರ್ಕೆಟ್ಟಿನಲ್ಲಿ ಹಫ್ತಾ ಕೇಳುವ ರೌಡಿಯಿಂದ ಸೊಪ್ಪು ಮಾರುವ ಅಜ್ಜಿಯನ್ನು ಕಾಪಾಡುವ ಸಂಪ್ರದಾಯ ಇದಕ್ಕಿಂತ ಹಳೆಯದು. ಅದಕ್ಕೆ ಯಾರೂ ಪುಸ್ತಕ ಬರೆಯಲಿಲ್ಲ, ಅಷ್ಟೇ.

ನಕ್ಷಾವಾದದ ಭೌತಿಕ ಸಾಧನ ಬಣ್ಣದ ಅಂಟುಚೀಟಿ. ತಾಯಿ ಸೆಂಟಿಮೆಂಟಿಗೆ ಹಳದಿ, ಫೈಟಿಗೆ ಗುಲಾಬಿ, ಹಾಡಿಗೆ ಹಸಿರು. ರೂಮಿನ ಗೋಡೆಯ ಸುಣ್ಣದ ಮೇಲೆ ಇವು ಸರಿಯಾಗಿ ಅಂಟುವುದಿಲ್ಲ. ಮಧ್ಯಾಹ್ನ ಸೆಕೆಗೆ ಫ್ಯಾನ್ ಹಾಕಿದೊಡನೆ ಎರಡನೆಯ ಅಂಕ ಪೂರ್ತಿ ಉದುರಿ ಮಂಚದ ಕೆಳಗೆ ಹೋಗುತ್ತದೆ. ಹೆಕ್ಕಿ ತಂದು ಮತ್ತೆ ಅಂಟಿಸುವಾಗ ತಂಗಿಯ ಮದುವೆಗಿಂತ ಮೊದಲೇ ತಂಗಿಯ ಸೀಮಂತ ಬಂದಿರುತ್ತದೆ. ‘ಇದೇ ಚೆನ್ನಾಗಿದೆ, ಫ್ಲ್ಯಾಶ್‌ಬ್ಯಾಕ್ ಮಾಡಿಬಿಡೋಣ’ ಎಂದು ಯಾರಾದರೊಬ್ಬರು ಹೇಳುತ್ತಾರೆ. ನಕ್ಷಾವಾದ ಸ್ಫುರಣವಾದಕ್ಕೆ ತಿರುಗುವ ಈ ಗಳಿಗೆಯನ್ನು ವ್ಯಜನಪ್ರೇರಿತ ಪ್ರತಿಭೋತ್ಕ್ರಾಂತಿ ಎಂದು ಕರೆಯಬಹುದು.

ಫೀಲ್ಡ್ ಅವರ ಮೂರಂಕಗಳಿಗೆ ಈ ದೇಶದಲ್ಲಿ ಎದುರಾದ ದೊಡ್ಡ ಅಡ್ಡಿ ಇಂಟರ್ವೆಲ್. ಅವರ ಎರಡನೆಯ ಅಂಕದ ನಟ್ಟನಡುವೆ ಇಲ್ಲಿ ದೀಪ ಹತ್ತುತ್ತದೆ, ಪ್ರೇಕ್ಷಕ ಕ್ಯಾಂಟೀನಿಗೆ ಹೋಗುತ್ತಾನೆ. ಅವನನ್ನು ಮರಳಿ ಸೀಟಿಗೆ ಕರೆತರುವ ಹೊಣೆ ಚಿತ್ರಕಥೆಯದು. ಹೀಗಾಗಿ ಗಾಂಧಿನಗರದ ಪರಿಪಾಠದಲ್ಲಿ ಅನೇಕ ವೇಳೆ ‘ಇಂಟರ್ವೆಲ್ ಬ್ಲಾಕ್’ ಮೊದಲು ಹುಟ್ಟುತ್ತದೆ, ಕತೆ ಅದರ ಆಚೆ ಈಚೆ ಬೆಳೆಯುತ್ತದೆ. ನಿಜವಾಗಿ ಭಾರತೀಯವೆನ್ನಬಹುದಾದ ಈ ರಚನಾಸೂತ್ರಕ್ಕೆ ಕಾರ್ಯಾಗಾರಗಳಲ್ಲಿ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಅಲ್ಲಿ ಪ್ರೊಜೆಕ್ಟರಿನ ಮೇಲೆ ನಾಯಕನ ಪಯಣದ ಹನ್ನೆರಡು ಹಂತಗಳು ಮೂಡುತ್ತಿರುತ್ತವೆ.

ಸ್ಫುರಣವಾದಿಗಳಲ್ಲಿ ನಾಲ್ಕು ಪ್ರಭೇದಗಳು. ಶುದ್ಧಸ್ಫುರಣರು ಲೊಕೇಶನ್ನಿನಲ್ಲಿ ಜನರೇಟರ್ ಸದ್ದು ಕೇಳಿದ ಮೇಲೆ ಸೀನು ಯೋಚಿಸುವವರು. ಚಹಾಶ್ರಿತರು ಮೂರನೆಯ ಲೋಟದವರೆಗೆ ಏನೂ ಹೊಳೆಯದವರು. ಮೂರನೆಯ, ನಾಲ್ಕನೆಯ ಪ್ರಭೇದಗಳು ಎರಡನೆಯದರಂತೆಯೇ ಇದ್ದು, ಬಿಲ್ಲು ಕೊಡುವವರು ಮಾತ್ರ ಬೇರೆಯಾಗಿರುವುದರಿಂದ ಅವುಗಳ ಲಕ್ಷಣವನ್ನು ಬಿಡಲಾಗಿದೆ.

ಈ ಪಂಥ ಪದೇ ಪದೇ ಮುಂದಿಡುವ ಸಾಕ್ಷಿ 1942ರ ‘ಕ್ಯಾಸಬ್ಲಾಂಕಾ’. ಚಿತ್ರಕಥೆ ಮುಗಿಯುವ ಮೊದಲೇ ಶೂಟಿಂಗ್ ಶುರುವಾಗಿತ್ತು. ತನ್ನ ಪಾತ್ರ ಕೊನೆಗೆ ಇಬ್ಬರು ಗಂಡಸರಲ್ಲಿ ಯಾರ ಜೊತೆ ಹೋಗುತ್ತದೆಂಬುದು ಇಂಗ್ರಿಡ್ ಬರ್ಗ್‌ಮನ್‌ಗೆ ಗೊತ್ತಿರಲಿಲ್ಲ. ಆ ಚಿತ್ರಕಥೆಗೆ ಆಸ್ಕರ್ ಕೂಡ ಬಂತು. ಅದರ ಅಡಿಯಲ್ಲಿ ಮೊದಲೇ ಬರೆದಿಟ್ಟ ಒಂದು ನಾಟಕವಿತ್ತು, ಎಪ್‌ಸ್ಟೈನ್ ಸೋದರರು ಮತ್ತು ಹೊವರ್ಡ್ ಕಾಕ್ ಪುಟಗಳನ್ನು ತಿದ್ದಿ ತಿದ್ದಿ ಕಳಿಸುತ್ತಿದ್ದರು ಎಂಬ ಸಂಗತಿಗಳನ್ನು ಮಾತ್ರ ಇವರು ಹೇಳುವುದಿಲ್ಲ. ಎರಡನೆಯ ಸಾಕ್ಷಿ ಹಾಂಗ್‌ಕಾಂಗ್‌ನ ವಾಂಗ್ ಕರ್-ವಾಯ್. ಪೂರ್ಣ ಸ್ಕ್ರಿಪ್ಟ್ ಇಲ್ಲದೆ ಅವರು ತೆಗೆದ ‘ಇನ್ ದಿ ಮೂಡ್ ಫಾರ್ ಲವ್’ ವರ್ಷಕ್ಕೂ ಮಿಕ್ಕಿ ಚಿತ್ರೀಕರಣವಾಗಿ 2000ದಲ್ಲಿ ತೆರೆಕಂಡಿತು. ಈ ಉದಾಹರಣೆಯನ್ನು ಕನ್ನಡದ ನಿರ್ಮಾಪಕರ ಮುಂದೆ ಹೇಳುವಾಗ ಚಿತ್ರೀಕರಣದ ಅವಧಿಯನ್ನು ನುಂಗಿಕೊಳ್ಳುವುದು ರೂಢಿ.

ಸತ್ಯಜಿತ್ ರಾಯ್ ವಿಚಾರದಲ್ಲಿ ವರ್ಗೀಕರಣವೇ ಕುಸಿಯುತ್ತದೆ. 1955ರ ‘ಪಥೇರ್ ಪಾಂಚಾಲಿ’ಗೆ ಪೂರ್ಣ ಚಿತ್ರಕಥೆ ಇರಲಿಲ್ಲ. ಇದ್ದದ್ದು ದೃಶ್ಯಗಳ ರೇಖಾಚಿತ್ರ, ಟಿಪ್ಪಣಿ. ಚಿತ್ರ ಬಿಡಿಸಿಟ್ಟುಕೊಂಡಿದ್ದರು ಎಂದು ನಕ್ಷಾವಾದಿಗಳೂ ಸ್ಕ್ರಿಪ್ಟ್ ಬರೆದಿರಲಿಲ್ಲ ಎಂದು ಸ್ಫುರಣವಾದಿಗಳೂ ಅವರನ್ನು ತಮ್ಮ ಕಡೆ ಎಳೆಯುತ್ತಾರೆ. ಸಿನಿಮಾಕ್ಕೆ ಮೂಲವಾದ ವಿಭೂತಿಭೂಷಣರ ಕಾದಂಬರಿಯ ಸಂಕ್ಷಿಪ್ತ ಆವೃತ್ತಿಗೆ ಎಷ್ಟೋ ವರ್ಷ ಮೊದಲೇ ಚಿತ್ರ ಬರೆದುಕೊಟ್ಟವರು ರಾಯ್. ಆ ಊರು, ಆ ಮಕ್ಕಳು, ಆ ಮುದುಕಿ ಅವರ ಕಣ್ಣಲ್ಲಿ ಅಂದಿನಿಂದಲೂ ಇದ್ದರು. ಅಷ್ಟು ಕಾಲ ಒಂದು ಕತೆಯನ್ನು ಹೊತ್ತು ತಿರುಗಿದವನಿಗೆ ಯಾವ ಪಂಥದ ಬೋರ್ಡು ಬೇಕು?

ಕನ್ನಡದಲ್ಲೂ ಹೀಗೆಯೇ. ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ 1972ರಲ್ಲಿ ‘ನಾಗರಹಾವು’ ಮಾಡಿದರು. ‘ಗೆಜ್ಜೆಪೂಜೆ’ಗೆ ಎಂ.ಕೆ. ಇಂದಿರಾ, ‘ಶರಪಂಜರ’ಕ್ಕೆ ತ್ರಿವೇಣಿ, ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ಕ್ಕೆ ಟಿ.ಕೆ. ರಾಮರಾವ್. ಮನುಷ್ಯರು ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ಮುರಿಯುತ್ತಾರೆ ಎಂಬುದನ್ನು ಒಬ್ಬರು ಮನೆಯಲ್ಲಿ ಕೂತು ಬರೆದುಮುಗಿಸಿದ ಮೇಲೆ ಅಲ್ಲಿ ಸಿನಿಮಾ ಶುರುವಾಗುತ್ತಿತ್ತು. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ಯನ್ನು ಈರೇಗೌಡರು ತಮಗೆ ಗೊತ್ತಿದ್ದ ಮಂಡ್ಯ ಸೀಮೆಯ ಹಳ್ಳಿಯ ಜನರನ್ನೇ ಮನಸ್ಸಿನಲ್ಲಿಟ್ಟುಕೊಂಡು ರಾಮ್ ರೆಡ್ಡಿಯವರೊಂದಿಗೆ ಬರೆದರು. ಆ ಜನರೇ ನಟಿಸಿದರು. ಸ್ಫುರಣವೋ ನಕ್ಷೆಯೋ ಎಂಬ ಜಿಜ್ಞಾಸೆ ಇಂಥಲ್ಲಿ ಏಳುವುದಿಲ್ಲ. ಅದು ಏಳುವುದು ಬರೆಯಲು ಏನೂ ಇಲ್ಲದ ರೂಮುಗಳಲ್ಲಿ.

ಒಂದು ಚಿತ್ರ ಯಾವ ಪಂಥಕ್ಕೆ ಸೇರಿದ್ದೆಂದು ನಿರ್ಣಯಿಸುವುದು ಬಿಡುಗಡೆಯ ನಂತರದ ಸೋಮವಾರ. ಕಲೆಕ್ಷನ್ ಇದ್ದರೆ ಅದು ಸ್ಫುರಣ: ‘ಏನೂ ಪ್ಲಾನ್ ಮಾಡಿರ್ಲಿಲ್ಲ ಸಾರ್, ಹಾಗೇ ಬಂತು.’ ಇಲ್ಲದಿದ್ದರೆ ನಕ್ಷೆ: ‘ಸ್ಕ್ರಿಪ್ಟ್ ಬೇರೆ ಥರ ಇತ್ತು, ಎಡಿಟಿಂಗಲ್ಲಿ ಹೋಯ್ತು.’ ಎರಡೂ ಉತ್ತರಗಳನ್ನು ಕೊಡುವವರು ಒಬ್ಬರೇ.

ಉಳಿದಿರುವುದು ಕರ್ತೃತ್ವದ ಪ್ರಶ್ನೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಸೀನ್ ಆರ್ಡರ್ ಬರೆಯುವವನು ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ. ಹಾಸನದಿಂದಲೋ ಸಿಂಧನೂರಿನಿಂದಲೋ ಬಂದಿರುತ್ತಾನೆ. ನಿರ್ದೇಶಕರು ಮಲಗಿ ಎದ್ದು ‘ಇಲ್ಲಿ ಏನೋ ಲ್ಯಾಗ್ ಆಗ್ತಿದೆ, ನೋಡು’ ಎಂದಾಗ ನೋಡುವವನು ಅವನು. ಹೀರೋಗೆ ಕತೆ ಹೇಳುವ ದಿನ ಬಾಗಿಲ ಹೊರಗೆ ನಿಲ್ಲುವವನೂ ಅವನೇ. ತೆರೆಯ ಮೇಲೆ ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಲ್ಲಕ್ಕೂ ಸೇರಿ ಒಂದೇ ಹೆಸರು ಬರುತ್ತದೆ. ಅವನ ಹೆಸರು ಡ್ರೈವರುಗಳ ಪಟ್ಟಿಯ ಕೆಳಗೆ ಬಂದರೆ ಬಂತು, ಆ ಹೊತ್ತಿಗೆ ಥಿಯೇಟರಿನ ಬಾಗಿಲು ತೆರೆದಿರುತ್ತದೆ. ಅವನ ಅಜ್ಜಿ ಹೇಳಿದ ಮಾತು, ಅವನಪ್ಪ ಸಾಲಗಾರನ ಮುಂದೆ ನಿಂತ ರೀತಿ ಎಲ್ಲವೂ ಆ ಸೀನುಗಳಲ್ಲಿದೆ. ಸಂದರ್ಶನದಲ್ಲಿ ಅದು ಮತ್ತೊಬ್ಬರ ಅಂತಃಸ್ಫುರಣೆ. ಇದಕ್ಕೆ ಶಾಸ್ತ್ರೀಯ ಪರಿಭಾಷೆ ಬೇಡ, ಕಳ್ಳತನ ಎಂದರೆ ಸಾಕು.

ಸಂಭಾವನೆಯ ಪ್ರಕರಣದಲ್ಲಿ ಉಭಯ ಪಂಥಗಳೂ ಏಕಮತ. ಅಡ್ವಾನ್ಸ್ ಮುಹೂರ್ತದ ದಿನ, ಎರಡನೆಯ ಕಂತು ಫಸ್ಟ್ ಕಾಪಿ ಬಂದಾಗ, ಮೂರನೆಯದು ಬಿಡುಗಡೆಯ ಮೇಲೆ. ಅಡ್ವಾನ್ಸ್ ಕೊಡುವ ವಿಧಿ ವಿಸ್ತಾರವಾಗಿದ್ದು, ಹಣ್ಣಿನ ತಟ್ಟೆ, ಫೋಟೊಗ್ರಾಫರ್ ಇತ್ಯಾದಿಗಳನ್ನು ಒಳಗೊಂಡಿದೆ. ಎರಡನೆಯ ಕಂತಿಗೆ ‘ಮುಂದಿನ ಪಿಕ್ಚರಲ್ಲಿ ನೋಡ್ಕೊಳ್ಳೋಣ’ ಎಂಬ ಪರ್ಯಾಯವುಂಟು. ಮೂರನೆಯದರ ಪ್ರಸ್ತಾಪ ಯಾವ ಪಂಥದಲ್ಲೂ ಕಂಡುಬಂದಿಲ್ಲ.