ಎರಡನೆಯ ಹೋಳಿಗೆ

ಅಲ್ಲ ಅಕ್ಕ, ಹಬ್ಬದ ದಿನ ಎರಡು ಹೋಳಿಗೆ ತಿಂದಿದ್ದಕ್ಕೆ ಇವತ್ತಿಗೂ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಲ್ಲ! ಬಟ್ಟೆ ಒಣಹಾಕುವಾಗಿನಿಂದ ಕೇಳಿಸಿಕೊಳ್ತಾ ಇದೀನಿ. ‘ನಾಲಿಗೆ ಮೇಲೆ ಹಿಡಿತವಿಲ್ಲದ ಜನ್ಮ’ ಅಂತೀರಿ. ಮೊನ್ನೆ ನಿಮ್ಮ ಸೊಸೆ ಹಾಲು ಉಕ್ಕಿಸಿದಾಗ ‘ಹೋಗ್ಲಿ ಬಿಡಮ್ಮ, ಯಾರ ಮನೇಲಿ ಉಕ್ಕಲ್ಲ’ ಅಂದಿರಿ. ಕಾಂಪೌಂಡಿನ ಈಚೆ ನನಗೂ ಕೇಳಿಸಿತು. ಆ ಕರುಣೆಯಲ್ಲಿ ಅರ್ಧದಷ್ಟಾದರೂ ನಿಮಗಾಗಿ ಇಟ್ಟುಕೊಳ್ಳಬಾರದೇ?

ಬೈದುಕೊಂಡರೆ ಬುದ್ಧಿ ಬರುತ್ತೆ ಅಂತೀರಲ್ಲ, ಎಲ್ಲಿ ಬಂತು? ಮೊದಲನೆಯ ಹೋಳಿಗೆ ಆಸೆಪಟ್ಟು ತಿಂದಿರಿ, ತುಪ್ಪ ಹಾಕಿಕೊಂಡು, ಅಂಚಿನ ಕಂದು ಕಲೆಯನ್ನೂ ಬಿಡದೆ. ಎರಡನೆಯದರ ರುಚಿ ನೋಡುವಷ್ಟು ಹೊತ್ತೂ ಕಾಯಲಿಲ್ಲ. ‘ಹೇಗೂ ಪಥ್ಯ ಕೆಟ್ಟಿತು’ ಅಂತ ನಿಂತಲ್ಲೇ ಬಾಯಿಗೆ ಹಾಕಿಕೊಂಡಿರಿ. ಮುಳುಗಿದವನಿಗೆ ಚಳಿಯೇನು, ಮಳೆಯೇನು! ಆ ಎರಡನೆಯದನ್ನು ತಿನ್ನಿಸಿದ್ದು ನಿಮ್ಮ ಬೈಗುಳವೇ ಅಂತ ನನ್ನ ಲೆಕ್ಕ.

ನನ್ನೊಬ್ಬಳ ಲೆಕ್ಕ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಆಡಮ್ಸ್ ಮತ್ತು ಲಿಯರಿ ಅಂತ ಇಬ್ಬರು 2007ರಲ್ಲಿ ಇದರ ಮೇಲೇ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ಹುಡುಗಿಯರಿಗೆ ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ ‘ಎಲ್ಲರೂ ಒಮ್ಮೊಮ್ಮೆ ಇದನ್ನು ತಿಂತಾರೆ, ಬೇಜಾರು ಮಾಡ್ಕೋಬೇಡಿ’ ಅನ್ನೋ ಅರ್ಥದ ಎರಡು ಮಾತು ಹೇಳಿದರು. ಆಮೇಲೆ ಎಲ್ಲರ ಮುಂದೆ ಮಿಠಾಯಿ ಇಟ್ಟರು. ಕಟ್ಟುನಿಟ್ಟಾಗಿ ಪಥ್ಯ ಮಾಡುವ ಹುಡುಗಿಯರಲ್ಲಿ ಸಮಾಧಾನದ ಮಾತು ಕೇಳಿದವರೇ ಮಿಠಾಯಿ ಕಡಿಮೆ ತಿಂದರು. ತನ್ನ ಮೇಲೆ ತಾನೇ ಕರುಣೆ ಇಟ್ಟುಕೊಳ್ಳೋದನ್ನ ಅಳೆಯೋಕೆ ಕ್ರಿಸ್ಟಿನ್ ನೆಫ್ ಅನ್ನುವ ಪ್ರೊಫೆಸರು 2003ರಲ್ಲೇ ಪ್ರಶ್ನಾವಳಿ ಮಾಡಿಟ್ಟಿದ್ದಾರೆ. ಇಂಥ ತಪ್ಪು ನನ್ನೊಬ್ಬಳದ್ದೇ ಅಲ್ಲ ಅನ್ನುವ ಅರಿವೂ ಆ ಕರುಣೆಯಲ್ಲಿ ಒಂದು ಭಾಗ ಅಂತಾರೆ ಅವರು. ಸೊಸೆಗೆ ನೀವು ಹೇಳಿದ್ದೂ ಅದೇ ತಾನೆ?

ಇನ್ನು ವಾಕಿಂಗಿನ ವಿಷಯ. ಮಗ ತಂದುಕೊಟ್ಟ ಬಿಳಿ ಷೂ ಡಬ್ಬದಲ್ಲೇ ಇದೆ, ಒಳಗೆ ತುರುಕಿದ ಕಾಗದದ ಉಂಡೆ ಸಮೇತ. ‘ನಾನು ಸೋಮಾರಿ’ ಅಂತೀರಿ. ಸುಳ್ಳು! ಮನೆ ಬಾಗಿಲಿಗೆ ತರಕಾರಿ ಗಾಡಿ ಬರೋಕೆ ಮುಂಚೆ ಚಾಮುಂಡಿಪುರಂನಿಂದ ಅಗ್ರಹಾರದ ಮೇಲೆ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗ್ತಿದ್ದವರು ಯಾರು? ಈರನಗೆರೆ ಬದನೆಕಾಯಿಯನ್ನು ಒಂದೊಂದೇ ಒತ್ತಿ ನೋಡಿ, ಮಲ್ಲಿಗೆಯವಳ ಹತ್ತಿರ ಇನ್ನೊಂದು ಗೇಣಿಗೆ ಜಗಳ ಆಡಿ, ಎರಡು ಕೈಯಲ್ಲೂ ಚೀಲ ಹಿಡಿದು ವಾಪಸ್ಸು ನಡೆದು ಬರ್ತಿದ್ದಿರಿ. ಮಾತಿಲ್ಲದೆ, ಕೆಲಸವಿಲ್ಲದೆ ಪಾರ್ಕಿನಲ್ಲಿ ಸುತ್ತು ಹಾಕೋದು ನಿಮ್ಮ ಜಾಯಮಾನಕ್ಕೆ ಒಗ್ಗೋದಿಲ್ಲ. ಎದುರುಮನೆಯವರ ಹಾಗೆ ನಡೆಯೋಕೆ ಹೋಗಿ ನಿಮ್ಮ ನಡಿಗೆಯನ್ನೇ ಬಿಟ್ಟುಬಿಟ್ಟಿರಿ. ಆ ಷೂ ಹಾಕ್ಕೊಂಡೇ ಮಾರ್ಕೆಟ್ಟಿಗೆ ಹೋಗಿ, ಶುಗರ್ ಇರುವವರ ಕಾಲಿಗೆ ಗಾಯ ಆಗಬಾರದು.

ಒಂದು ದಿನ ತಪ್ಪಿದರೆ ಎಲ್ಲ ನೀರುಪಾಲು ಅಂತಲೂ ಎಣಿಸಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತವರ ಜೊತೆಯವರು, ಹೊಸ ಅಭ್ಯಾಸ ತಾನಾಗೇ ನಡೆಯೋ ಹಾಗಾಗೋಕೆ ಎಷ್ಟು ದಿನ ಬೇಕು ಅಂತ ನೋಡಿದರು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಅಂತ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ಬಿಟ್ಟುಹೋದದ್ದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ.

ಹಾಗಂತ ದಿನಾ ಹೋಳಿಗೆ ತಿನ್ನಿ ಅಂತ ಹೇಳ್ತಿಲ್ಲ ಅಕ್ಕ. ನನಗೆ ನಿಜವಾಗಿ ಹೆದರಿಕೆ ಆಗಿರೋದು ಬೇರೆ ವಿಷಯಕ್ಕೆ: ಹೋಳಿಗೆ ತಿಂದ ನಾಚಿಕೆಗೆ ರಕ್ತಪರೀಕ್ಷೆಯನ್ನೇ ಮುಂದೂಡ್ತಾ ಇದೀರಿ. ಡಾಕ್ಟರು ಬರೆದುಕೊಟ್ಟಿರೋ ಎಚ್‌ಬಿಎ1ಸಿ, ರಕ್ತದ ಸಕ್ಕರೆಯ ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ ತೋರಿಸುತ್ತೆ. ಒಂದು ಹಬ್ಬದೂಟ ನೋಡಿ ನಿಮ್ಮ ಮೇಲೆ ತೀರ್ಪು ಕೊಡೋದಿಲ್ಲ. ಸೋಮವಾರ ನಾನೂ ಜೊತೆಗೆ ಬರ್ತೀನಿ. ಆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ, ಇಡ್ಲಿ ತಿಂದುಕೊಂಡೇ ಹೊರಡೋಣ. ಡಾಕ್ಟರು ಕೇಳಿದರೆ ಎರಡು ಹೋಳಿಗೆ ಅಂತಲೇ ಹೇಳಿ.