ಹಲಸಿನ ಮರದಡಿಯ ಪೋಸ್ಟಾಫೀಸು

ನಮ್ಮ ಸೋದರಮಾವ ಸ್ಮಾರ್ಟ್‌ಫೋನು ಹಿಡಿದದ್ದು ತಾವಿನ್ನೂ ಬದುಕಿದ್ದೇವೆಂದು ಸರ್ಕಾರಕ್ಕೆ ತಿಳಿಸುವುದಕ್ಕೆ. ತಮಾಷೆಯಲ್ಲ. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲೂ ಜೀವಂತವಿರುವ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಜೀವನ್ ಪ್ರಮಾಣ್ ಬಂದು, ಯಂತ್ರದ ಮೇಲೆ ಬೆರಳೊತ್ತಿದರೆ ಸಾಕು ಎಂದಾಯಿತು. ಆದರೆ ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಗೋಂದು ಮೆತ್ತಿ, ಮುದ್ರೆ ಕುಟ್ಟಿ, ಅರಗು ಸುಟ್ಟುಕೊಂಡ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ಬೆರಳು ನೋಡಿ ತಲೆಯಾಡಿಸುತ್ತಿತ್ತು. 2021ರಲ್ಲಿ ಮುಖ ತೋರಿಸಿದರೂ ನಡೆಯುತ್ತದೆ ಎಂಬ ಅನುಕೂಲ ಬಂತು. ಅದಕ್ಕೊಂದು ಸ್ಮಾರ್ಟ್‌ಫೋನು ಬೇಕಲ್ಲ. ಹುಬ್ಬಳ್ಳಿಯಲ್ಲಿರುವ ಮಗಳು ತಂದುಕೊಟ್ಟಳು.

ಆ ಆ್ಯಪು ಕಣ್ಣು ಮಿಟುಕಿಸಿ ಎನ್ನುತ್ತದೆ. ಮಾವ ಹಳೇ ಕಾಲದ ಸ್ಟುಡಿಯೋ ಶಿಸ್ತಿನವರು. ಫೋಟೊ ಅಂದ ಕೂಡಲೇ ಉಸಿರು ಬಿಗಿಹಿಡಿದು, ಕಣ್ಣು ಕೆಕ್ಕರಿಸಿ, ಮಡಿ ಬಟ್ಟೆಯ ಹಾಗೆ ಗರಿಗರಿಯಾಗಿ ಕೂತುಬಿಡುತ್ತಾರೆ. ಫೋನು ನಾಲ್ಕು ಸಲ ದಿಟ್ಟಿಸಿ ನೋಡಿ, ಇದು ಮನುಷ್ಯನಲ್ಲ, ಗೋಡೆಗೆ ನೇತುಹಾಕಿದ ಪಟ ಎಂದು ತೀರ್ಮಾನಿಸಿತು. ಐದನೇ ಸಲ ಮಾವ ಕ್ಯಾಮೆರಾಕ್ಕೆ ಮುಖ ಕೊಡುವ ಹೊತ್ತಿಗೆ ಸರಿಯಾಗಿ ಅತ್ತೆ ಒಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಘಾಟಿಗೆ ಮಾವನ ಕಣ್ಣು ಪಿಳಿಪಿಳಿ ಎಂದಿತು. ಪ್ರಮಾಣಪತ್ರ ಬಂತು. ‘ನಿಮ್ಮ ಮಾವ ಸರ್ಕಾರದ ಲೆಕ್ಕದಲ್ಲಿ ಬದುಕಿರೋದು ನನ್ನ ಒಗ್ಗರಣೆ ದೆಸೆಯಿಂದ’ ಎಂದು ಅತ್ತೆ ಈಗಲೂ ಹೇಳಿಕೊಳ್ಳುತ್ತಾರೆ.

ಕೆಲಸ ಮುಗಿದ ಮೇಲೆ ಫೋನನ್ನು ಮುಂದಿನ ನವೆಂಬರ್‌ವರೆಗೆ ಟ್ರಂಕಿನಲ್ಲಿಡಬೇಕೆಂದೇ ಮಾವ ಹೊರಟಿದ್ದರು. ಅಷ್ಟರಲ್ಲಿ ಮಗಳು ವಾಟ್ಸಾಪ್ ಹಾಕಿಕೊಟ್ಟಳು. ಅಲ್ಲಿಗೆ ಮುಗಿಯಿತು. ಮುಗಿಯಿತೋ, ಶುರುವಾಯಿತೋ.

ನಿವೃತ್ತರ ಕೈಗೆ ಹೊಸ ಫೋನು ಬಂದರೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು, ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಮೇಷ್ಟ್ರಾಗಿದ್ದವರು ಗ್ರೂಪಿನವರ ಕಾಗುಣಿತ ತಿದ್ದುತ್ತಾರೆ. ಬ್ಯಾಂಕಿನಲ್ಲಿದ್ದವರು ಎಲ್ಲದಕ್ಕೂ ‘ನೋಟೆಡ್’ ಎನ್ನುತ್ತಾರೆ. ಮಾವ ಸಾಗರದ ಕಡೆಯ ಒಂದು ಊರಿನಲ್ಲಿ ಸಬ್‌ಪೋಸ್ಟ್‌ಮಾಸ್ಟರ್ ಆಗಿ 2012ರಲ್ಲಿ ನಿವೃತ್ತರಾದವರು. ಮರುವರ್ಷ, 2013ರ ಜುಲೈನಲ್ಲಿ, ದೇಶದಲ್ಲಿ ತಂತಿ ಸೇವೆಯೇ ನಿಂತುಹೋಯಿತು. ತಾವು ಎದ್ದು ಬಂದದ್ದಕ್ಕೇ ನಿಂತಿತು ಎಂಬ ಸಣ್ಣ ಹೆಮ್ಮೆ ಅವರಿಗಿದೆ. ಅದನ್ನು ಯಾರೂ ಅಲ್ಲಗಳೆದಿಲ್ಲ, ಯಾಕೆಂದರೆ ಅಲ್ಲಗಳೆದರೆ ತಂತಿಯ ಇತಿಹಾಸ ಮೊದಲಿಂದ ಕೇಳಬೇಕಾಗುತ್ತದೆ. ಇಂಥವರ ಕೈಗೆ ಹತ್ತು ವರ್ಷ ಖಾಲಿ ಕೂತ ಮೇಲೆ ಒಂದು ಟಪಾಲು ಚೀಲ ಸಿಕ್ಕಿತು. ಅದೂ ಎಂದೂ ಬರಿದಾಗದ ಚೀಲ.

ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಹಿತ್ತಲ ಹಲಸಿನ ಮರದ ಕೆಳಗೆ ಹಳೇ ಒರಳುಕಲ್ಲೊಂದು ಕವುಚಿ ಬಿದ್ದಿದೆ. ಅದರ ಮೇಲೆ ಕೂತು ಪೂರ್ವಕ್ಕೆ ಮುಖ ಮಾಡಿದರೆ ಎರಡು ಕಡ್ಡಿ, ಕೈ ಸ್ವಲ್ಪ ಮೇಲೆತ್ತಿದರೆ ಮೂರು. ಅದೇ ಈಗ ಆಫೀಸು. ಬೆಳಿಗ್ಗೆ ಐದಕ್ಕೆ ಮೊದಲ ಚೀಲ ಬಿಚ್ಚುತ್ತಾರೆ. ಮೊದಲಾದರೆ ಎದ್ದವರು ದೇವರಿಗೆ ಹೂ ಕೊಯ್ಯುತ್ತಿದ್ದರು, ಈಗ ತಾವರೆ, ಗುಲಾಬಿ, ಸೂರ್ಯೋದಯಗಳನ್ನು ಎಪ್ಪತ್ತು ಮನೆಗೆ ಹಂಚಿದ ಮೇಲೆ, ಉಳಿದ ಹೊತ್ತಿನಲ್ಲಿ ದೇವರ ದಾಸವಾಳ. ಮಧ್ಯಾಹ್ನದ ನಿದ್ದೆ ಹೋಯಿತು. ಮ್ಯಾಮ್ಕೋಸಿನಲ್ಲಿ ರಾಶಿ ಅಡಿಕೆಗೆ ಎಷ್ಟಾಯಿತು ಅಂತ ತಿಳಿಯಲು ಪೇಟೆಯ ಕಟ್ಟೆಗೆ ಹೋಗುವುದೂ ತಪ್ಪಿತು. ಹೋಗುವುದು ತಪ್ಪಿದ್ದರಿಂದ ಕಟ್ಟೆಯ ಗೆಳೆಯರು ಒಬ್ಬೊಬ್ಬರಾಗಿ ಫೋನು ತಗೊಂಡರು. ಈಗ ಕಟ್ಟೆಯಲ್ಲಿ ನಾಯಿ ಮಲಗುತ್ತದೆ. ‘ಇವರು ರಿಟೈರ್ ಆಗಿದ್ದು ಸರ್ಕಾರಕ್ಕೆ ಮಾತ್ರ’ ಎಂಬುದು ಅತ್ತೆಯ ದೂರು. ಆ ದೂರಿನ ತೂಕ ಸ್ವಲ್ಪ ಕಡಿಮೆ ಹಿಡಿಯಬೇಕು. ಮಾವ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅದೇ ಒರಳುಕಲ್ಲಿನ ಮೇಲೆ ಕೂತು ಅತ್ತೆ ಯೂಟ್ಯೂಬಿನಲ್ಲಿ ತಾಳಮದ್ದಲೆ ಕೇಳುವುದನ್ನು ನಾನೇ ಕಂಡಿದ್ದೇನೆ.

ಮಾವ ಟೈಪು ಮಾಡುವುದನ್ನು ಹತ್ತಿರದಿಂದ ನೋಡಬೇಕು. ಬಲಗೈ ತೋರುಬೆರಳೊಂದೇ. ಮಣಿಕಟ್ಟು ಮೇಲೆದ್ದು, ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತು, ಟಕ್ ಎಂದು ಇಳಿಯುತ್ತದೆ. ಮೋರ್ಸ್ ಕೀ ಒತ್ತಿದ ಕೈ ಅದು, ಗಾಜನ್ನು ಸವರುವುದು ಅದಕ್ಕೆ ಒಗ್ಗಲಿಲ್ಲ. ಬರೆಯುವುದೂ ತಂತಿಯ ಭಾಷೆಯೇ. ಪದಕ್ಕಿಷ್ಟು ಎಂದು ದುಡ್ಡು ಎಣಿಸಿಕೊಂಡ ಮನುಷ್ಯ ಪದವನ್ನು ಪೋಲು ಮಾಡುವುದಾದರೂ ಹೇಗೆ? ಹಬ್ಬಕ್ಕೆ ಬರುತ್ತೀರಾ ಎಂದು ಮಗಳು ಅರ್ಧ ಪುಟ ಅಂಗಲಾಚಿ ಬರೆದರೆ ಮಾವನ ಉತ್ತರ: ‘ಮಳೆ. ಅಡಿಕೆ ಒಣಗಿಲ್ಲ. ತಾಯಿ ಬರುತ್ತಾಳೆ.’ ಸ್ವಂತದ್ದು ಇಷ್ಟೇ. ಬೇರೆಯವರದ್ದಾದರೆ ಹಾಗಲಕಾಯಿ ರಸದ ಮಹಿಮೆ ಎಂದು ಎಂಟು ಮೊಳದ ಬರಹವನ್ನೂ ಒಂದಕ್ಷರ ಕಡಿಮೆ ಮಾಡದೆ ಮುಟ್ಟಿಸುತ್ತಾರೆ.

ಮುಟ್ಟಿಸುವುದು ಎಂದೆನಲ್ಲ, ಗುಟ್ಟೆಲ್ಲ ಅಲ್ಲೇ ಇದೆ. ಒಂದು ಬೆಳಿಗ್ಗೆ ಐದೂಕಾಲಕ್ಕೆ ಹಾಗಲಕಾಯಿ ರಸ ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಕಳಿಸಿದ ಮಾವ, ಐದೂವರೆಗೆ ಅದೇ ರಸ ಮೂತ್ರಪಿಂಡಕ್ಕೆ ವಿಷ ಎಂದೂ ಕಳಿಸಿದರು. ನಾನು ಬೆಂಗಳೂರಿನಿಂದ ಫೋನು ಮಾಡಿದೆ.

‘ಮಾವ, ಕಳಿಸೋ ಮುಂಚೆ ಓದಿದ್ರಾ?’

ಆ ಕಡೆ ಆಘಾತವಾದಂತೆ ಮೌನ. ಆಮೇಲೆ, ‘ಛೇ! ಮಂದಿ ಕಾಗದ ನಾವು ಓದೋದಾ? ಮೂವತ್ತೆಂಟು ವರ್ಷದಲ್ಲಿ ಒಂದು ಕವರು ಒಡೆದವನಲ್ಲ ನಾನು. ಹತ್ತು ಜನಕ್ಕೆ ಕಳಿಸಿ ಅಂತ ಬರೆದಿತ್ತು. ಬಟವಾಡೆ ಮಾಡಿದೆ.’

ಅಂದರೆ ಅವರ ದೃಷ್ಟಿಯಲ್ಲಿ ಫಾರ್ವರ್ಡ್ ಎಂಬುದು ಅಭಿಪ್ರಾಯವೂ ಅಲ್ಲ, ಸಲಹೆಯೂ ಅಲ್ಲ. ಚೀಲದಲ್ಲಿ ಬಂದ ಕಾಗದ. ಅದನ್ನು ಇಟ್ಟುಕೊಂಡರೆ ಇಲಾಖೆಗೆ ದ್ರೋಹ. ಹೌದು, ಕಾರ್ಡು ಮಾತ್ರ ಓದುತ್ತಿದ್ದರಂತೆ. ಕಾರ್ಡು ತೆರೆದದ್ದೇ ಅಲ್ಲವೇ, ಕಣ್ಣಿಗೆ ಬಿದ್ದರೆ ಕಣ್ಣಿನ ತಪ್ಪಲ್ಲ. ಅದೇ ನ್ಯಾಯದಲ್ಲಿ ಈಗ ಬಳಗದವರ ವಾಟ್ಸಾಪ್ ಸ್ಟೇಟಸ್ಸು ಒಂದನ್ನೂ ಬಿಡದೆ ನೋಡುತ್ತಾರೆ.

2018ರಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಕಟ್ಟು ಹಾಕಿದರಷ್ಟೆ. ವದಂತಿಯ ಓಟ ತಗ್ಗಿಸುವುದು ಅವರ ಉದ್ದೇಶ. ಮಾವನಿಗೆ ಅದು ಬೀಟು ಹಂಚಿಕೊಟ್ಟಂತೆ ಕಂಡಿತು. ಎಪ್ಪತ್ತು ಜನರನ್ನು ಐದೈದರ ಹದಿನಾಲ್ಕು ಬೀಟು ಮಾಡಿದರು: ಸಾಗರ ಪೇಟೆ, ಹೊಸನಗರ ದಾರಿ, ಬೆಂಗಳೂರು ಉತ್ತರ, ಹೀಗೆ. ಇನ್ನು ಊರೂರು ಸುತ್ತಿ ಬಂದ ಸಂದೇಶಗಳ ತಲೆಯ ಮೇಲೆ ಎರಡು ಬಾಣದ ಗುರುತಿರುತ್ತದೆ. ಅವನ್ನು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ನೋಡಿಕೊಳ್ಳಿ, ಇದನ್ನು ನಂಬುವ ಮುಂಚೆ ಯೋಚಿಸಿ ಎಂಬ ಎಚ್ಚರಿಕೆ ಅದು. ಮಾವನ ತರ್ಕ ಬೇರೆ: ಒಬ್ಬೊಬ್ಬರಿಗೇ ಕೈಯಾರೆ ಮುಟ್ಟಿಸಬೇಕಾದದ್ದು ಅಂದರೆ ರಿಜಿಸ್ಟರ್ಡ್. ಅರಗಿನ ಮುದ್ರೆ ಬಿದ್ದದ್ದು. ಹಾಗಾಗಿ ಎರಡು ಬಾಣದವಕ್ಕೆ ಅವರಲ್ಲಿ ಮೊದಲ ಮರ್ಯಾದೆ, ಎಪ್ಪತ್ತು ಸಲ ಒತ್ತಿ ಎಪ್ಪತ್ತು ಮನೆಗೂ ಮುಟ್ಟಿಸುತ್ತಾರೆ.

ಇದಕ್ಕೊಂದು ಪುಸ್ತಕವಿದೆ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಶಾಯಿಯಲ್ಲಿ ಗೆರೆ ಹೊಡೆದದ್ದು. ದಿನಾಂಕ, ವಿಷಯ, ಬೀಟು, ಸ್ವೀಕೃತಿ. ಕಳೆದ ದಸರೆಗೆ ಹೋದಾಗ ಕದ್ದು ನೋಡಿದೆ. ‘ಗುಡ್ ಮಾರ್ನಿಂಗ್ (ಹಂಸ)’, ‘ಕಿಡ್ನಿ ಕಲ್ಲು’, ‘ಚೀನಾ ಅಕ್ಕಿ’, ‘ಗುಡ್ ನೈಟ್ (ಚಂದ್ರ)’. ಸ್ವೀಕೃತಿಯ ಕಲಮಿನಲ್ಲಿ ಕೆಲವರ ಹೆಸರಿಗೆ ‘ನೀ’ ಎಂದಿತ್ತು, ಕೆಲವರಿಗೆ ‘ಬೂ’. ನೀ ಅಂದರೆ ನೀಲಿ ಗೀಟು ಬಿದ್ದಿದೆ, ಬೂ ಅಂದರೆ ಇನ್ನೂ ಬೂದು. ನನ್ನ ಹೆಸರಿನ ಮುಂದೆ ಸಾಲಾಗಿ ಹನ್ನೊಂದು ‘ಬೂ’ ಇದ್ದವು. ಮಾವ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅತ್ತೆಗೆ, ‘ಅವನಿಗೆ ಇನ್ನೊಂದು ಕಡುಬು ಹಾಕು, ವಿಳಾಸದಾರ ಸಿಗೋದೇ ಅಪರೂಪ’ ಎಂದರು.

ಇನ್ನೊಬ್ಬಳು ಸೋದರ ಸೊಸೆ ನೀಲಿ ಗೀಟು ಬೀಳದ ಹಾಗೆ ಸೆಟ್ಟಿಂಗ್ ಮಾಡಿಕೊಂಡಳು. ಅವಳನ್ನು ಮಾವ ಕರೆಯುವುದು, ‘ಸಹಿ ಹಾಕದೆ ಕಾಗದ ತಗೊಳ್ಳೋಳು’ ಎಂದು. 2025ರಲ್ಲಿ ಇಲಾಖೆಯವರು ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ ಸುದ್ದಿ ಬಂದ ದಿನ ಮಾವ ಬಾವಿಕಟ್ಟೆಗೆ ಹೋಗಿ ತಣ್ಣೀರು ಸ್ನಾನ ಮಾಡಿ ಬಂದರು. ದೂರದ ದಾಯಾದಿ ಹೋದರೆ ಮಾಡುವ ಹಾಗೆ.

ಮಾವನಿಂದ ಬಳಗಕ್ಕೆ ಆದ ದೊಡ್ಡ ಗೊಂದಲವೆಂದರೆ ಎಂಟರದ್ದು. ತಂತಿಯಲ್ಲಿ ಶುಭಾಶಯಕ್ಕೆಲ್ಲ ಸಂಖ್ಯೆಗಳಿದ್ದವು, ಹಳಬರಿಗೆ ನೆನಪಿರಬೇಕು. ಪೂರ್ತಿ ವಾಕ್ಯ ಬರೆಯುವ ಬದಲು ನಂಬರು ಹೇಳಿದರೆ ಸಾಕು, ಆ ಕಡೆಯವರು ಅದಕ್ಕೆ ಗೊತ್ತಾದ ವಾಕ್ಯವನ್ನು ಬರೆದು ಮುಟ್ಟಿಸುತ್ತಿದ್ದರು. ನೂತನ ದಂಪತಿಗಳ ದಾಂಪತ್ಯ ಸುದೀರ್ಘವೂ ಸುಖಮಯವೂ ಆಗಲಿ ಎಂಬುದಕ್ಕೆ 8. ಶಿರಸಿ ಕಡೆಯ ನೆಂಟರೊಬ್ಬರು ಮಗನ ಮದುವೆಯ ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ಮಾವ ಮರುಟಪಾಲಿನಲ್ಲೇ ‘8’ ಎಂದು ಒತ್ತಿದರು. ಎಂಟು ಮಂದಿ ಬರುತ್ತಾರೆಂದು ಅವರು ಎಂಟು ಎಲೆ ಲೆಕ್ಕ ಹಾಕಿ, ರಾತ್ರಿ ಮಲಗಲು ಅಟ್ಟದ ಕೋಣೆ ಗುಡಿಸಿ, ಹಾಸಿಗೆ ಹೊಂಚಿದರು. ಮಾವ ಹೋದದ್ದು ಒಬ್ಬರೇ. ಉಳಿದ ಏಳು ಜನ ಎಲ್ಲಿ ಎಂದು ಕೇಳಿದರೆ ಮಾವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಪ ಬಂತು. ‘ಇವರ ಮದುವೆಗೆ ನಾನೇ ಎಂಟು ಕಳಿಸಿದ್ದೆ, ಆಗ ಗೊತ್ತಾಗಿತ್ತಲ್ಲ!’

ದುಡ್ಡಿನ ವಿಚಾರಕ್ಕೆ ಬಂದರೆ, ಯುಪಿಐ ಹಾಕಿಕೊಡುವಾಗ ಆರಂಕಿಯ ಪಿನ್ ಕೇಳಿತು. ಮಾವನಿಗೆ ಪಿನ್ ಅಂದರೆ ಅಂಚೆಯದ್ದು, 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದು, ಅದೂ ಆರಂಕಿಯದ್ದೇ. ಮಾವ ಯೋಚನೆಯನ್ನೇ ಮಾಡದೆ 577401 ಒತ್ತಿದರು. ತಾಲ್ಲೂಕಿಗೆಲ್ಲ ಗೊತ್ತಿರುವ ಸಂಖ್ಯೆ! ಬದಲಾಯಿಸಿ ಎಂದು ಗೋಗರೆದ ಮೇಲೆ ಬದಲಾಯಿಸಿದರು. ತಿಂಗಳಾದ ಮೇಲೆ ನನ್ನ ಕಿವಿಯಲ್ಲಿ, ‘ಈಗ ಯಾರಪ್ಪನಿಗೂ ಗೊತ್ತಾಗಲ್ಲ, ನಿನ್ನ ಅತ್ತೆ ತವರಿನದ್ದು ಹಾಕಿದೀನಿ’ ಎಂದರು. ಅತ್ತೆಯ ತವರು ತೀರ್ಥಹಳ್ಳಿ.

ಆದರೂ ನೂರಕ್ಕೆ ಐದು ರೂಪಾಯಿ ಕಮಿಷನ್ ಇಲ್ಲದೆ ದುಡ್ಡು ಹೋಗುತ್ತದೆ ಎಂಬುದನ್ನು ಮನಿಯಾರ್ಡರಿನ ಮನಸ್ಸು ನಂಬುವುದಿಲ್ಲ. ಎಳನೀರಿನವನಿಗೆ ನಲವತ್ತು ರೂಪಾಯಿ ಕಳಿಸಿದ ಮೇಲೂ ಎದುರಿಗೇ ನಿಂತು ‘ಬಂತಾ? ಸರಿಯಾಗಿ ನೋಡು’ ಎಂದು ಕೇಳುತ್ತಾರೆ. ಮನಿಯಾರ್ಡರ್ ಫಾರಮಿನ ಅಡಿಯಲ್ಲಿ ನಾಲ್ಕು ಮಾತು ಬರೆಯಲು ಜಾಗವಿರುತ್ತಿತ್ತಲ್ಲ, ಇಲ್ಲೂ ಸಂದೇಶಕ್ಕೊಂದು ಖಾನೆ ಇದೆ. ಅದನ್ನು ಖಾಲಿ ಬಿಟ್ಟರೆ ಅಪಚಾರ. ಎಳನೀರಿನವನ ಫೋನಿನಲ್ಲಿ ನಾನೇ ಓದಿದೆ: ‘ಇಲ್ಲಿ ಎಲ್ಲರೂ ಕ್ಷೇಮ. ಗಂಜಿ ದಪ್ಪ ಇತ್ತು.’

ಇಷ್ಟೆಲ್ಲ ಆಡಿಕೊಂಡ ಮೇಲೆ ಇದನ್ನೂ ಹೇಳಬೇಕು. ಒಂದು ದಿನ ಮಾವನಿಗೆ ಬ್ಯಾಂಕಿನವನು ಎಂದು ಹೇಳಿಕೊಂಡು ಒಬ್ಬ ಫೋನು ಮಾಡಿದ. ನಿಮ್ಮ ಫೋನಿಗೆ ಒಂದು ನಂಬರು ಬಂದಿದೆ, ಹೇಳಿ. ಓದಿದವರು, ಕಾಲೇಜಿನಲ್ಲಿ ಪಾಠ ಹೇಳುವವರು ಕೂಡ ಹೇಳಿಬಿಟ್ಟು ಹಣೆ ಚಚ್ಚಿಕೊಂಡಿದ್ದಾರೆ. ಮಾವ ಕೇಳಿದರು, ‘ಅದು ಯಾರ ಹೆಸರಿಗೆ ಬಂದಿದೆ?’

‘ನಿಮ್ಮ ಹೆಸರಿಗೇ ಸರ್.’

‘ಮತ್ತೆ ನಿಮಗೆ ಹೇಗೆ ಕೊಡೋದು? ವಿಳಾಸದಾರ ನಾನು. ನೀವು ತಗೊಳ್ಳೋದಾದರೆ ನಾನು ನಿಮಗೆ ಅಧಿಕಾರಪತ್ರ ಬರೆದುಕೊಡಬೇಕು. ಇಬ್ಬರು ಸಾಕ್ಷಿ ಬೇಕು. ಗುರುತಿನ ಚೀಟಿ ತಂದಿದೀರಾ?’

ಆ ಕಡೆಯವನು ಅರ್ಜೆಂಟು ಎಂದ. ಅರ್ಜೆಂಟಾದರೆ ನಿಯಮ ಬೇರೆ ಎಂದು ಮಾವ ಅದನ್ನೂ ವಿವರಿಸಿದರು. ಅತ್ತೆ ಹೇಳುವ ಪ್ರಕಾರ ಒರಳುಕಲ್ಲಿನ ಮೇಲಿನ ನೆರಳು ಬಾವಿಕಟ್ಟೆ ಮುಟ್ಟುವವರೆಗೂ ಮಾತು ನಡೆದಿತ್ತು. ಕೊನೆಗೆ ಕಳ್ಳನೇ ಕೈಮುಗಿದು ಫೋನಿಟ್ಟ. ಪುಸ್ತಕದಲ್ಲಿ ಅಂದಿನ ದಿನಾಂಕಕ್ಕೆ ಮಾವ ಬರೆದುಕೊಂಡಿದ್ದಾರೆ: ‘ಅಪರಿಚಿತ. ಸಾಕ್ಷಿ ತರಲಿಲ್ಲ. ಬಟವಾಡೆ ಆಗಿಲ್ಲ.’

ಹೋದ ಆಷಾಢದಲ್ಲಿ ನಾನು ಕೆಲಸದ ಗಡಿಬಿಡಿಯಲ್ಲಿ ಮಾವನ ಸಂದೇಶಗಳನ್ನು ಒಂದು ವಾರ ತೆರೆಯಲೇ ಇಲ್ಲ. ಶನಿವಾರ ಸಂಜೆ ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ಒಂದು ಕಾರ್ಡು. ಐವತ್ತು ಪೈಸೆಯ ಪೋಸ್ಟ್‌ಕಾರ್ಡನ್ನು ಕೈಯಲ್ಲಿ ಹಿಡಿದು ಎಷ್ಟು ವರ್ಷವಾಗಿತ್ತೋ. ಮಳೆಗೆ ಒಂದು ಮೂಲೆ ನೆನೆದಿತ್ತು. ಆರೂ ಚೌಕದಲ್ಲಿ ನಮ್ಮ ಪಿನ್ ಮುತ್ತಿನಂತೆ ಕೂತಿತ್ತು. ಬರೆದದ್ದು ಮೂರು ಸಾಲು:

‘ಮಂಗಳವಾರ ವಾಟ್ಸಾಪ್ ಹಾಕಿದೆ. ನೀಲಿ ಬಿದ್ದಿಲ್ಲ. ತೆರೆದು ನೋಡತಕ್ಕದ್ದು.’

ಏನಾಯಿತೋ ಎಂದು ಎದೆ ಧಸಕ್ಕೆಂದಿತು. ಚಪ್ಪಲಿ ಕೂಡ ಬಿಡದೆ ಫೋನು ತೆಗೆದು ಮಂಗಳವಾರಕ್ಕೆ ಹೋದೆ. ಒಂದು ತಾವರೆ, ಅದರ ಮೇಲೆ ಹನಿ, ಕೆಳಗೆ ‘ಶುಭ ಮಂಗಳವಾರ’.

ಇಪ್ಪತ್ತು ಸೆಕೆಂಡಿನೊಳಗೆ ಆ ಕಡೆಯಿಂದ ಬಂತು: ‘ಕಾರ್ಡು ನಾಲ್ಕೇ ದಿನಕ್ಕೆ ಮುಟ್ಟಿದೆ. ಸಂತೋಷ.’