ಹುರುಳಿ ಮೂಟೆಯ ಹರಳಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಶ್ರೀಮಾನ್ ಹರಳುಬೀಜ ಮತ್ತು ಪರಿವಾರ, ಹುರುಳಿ ಮೂಟೆಯ ತಳಭಾಗ, ಬೂಸಾ ಅಂಗಡಿ.
ವಿಷಯ: ಕುದುರೆಯ ಹೊಟ್ಟೆಗೆ ಅನುಮತಿಯಿಲ್ಲದ ಪ್ರವೇಶ.

ಕುದುರೆಯ ಮೇವಿಗೆ ವಿಷಬೀಜ ಬೆರೆಯುವುದು ಕಣದಲ್ಲೇ ಶುರುವಾಗುತ್ತದೆ. ಹಳೇ ಮೈಸೂರು ಸೀಮೆಯ ಹೊಲಗಳಲ್ಲಿ ರಾಗಿಯ ಅಕ್ಕಡಿ ಸಾಲಿನಲ್ಲೂ ಬದುವಿನ ಮೇಲೂ ಹರಳು ಬೆಳೆಯುತ್ತದೆ. ಬೇಲಿಗೆ ಗುಲಗಂಜಿ ಬಳ್ಳಿ ಹಬ್ಬುತ್ತದೆ, ತಿಪ್ಪೆಯ ಮಗ್ಗುಲಲ್ಲಿ ದತ್ತೂರಿ ನಿಲ್ಲುತ್ತದೆ. ಬರವಣಿಗೆಯಲ್ಲಿ ಹುರುಳಿಗೂ ಹರಳಿಗೂ ಇರುವುದು ಎರಡು ಕೊಂಬಿನ ಅಂತರ. ಕೇರದ, ಜರಡಿ ಹಿಡಿಯದ ಮೂಟೆಯಲ್ಲಿ ಅಷ್ಟೂ ಉಳಿಯುವುದಿಲ್ಲ. ಇದಕ್ಕೆ ಬೀಜಗಳನ್ನು ದೂರುವಂತಿಲ್ಲ. ಟಿಕೆಟ್ಟಿಲ್ಲದವರನ್ನು ಹತ್ತಿಸಿಕೊಂಡದ್ದು ಕಂಡಕ್ಟರು.

ಹರಳಿನವರ ಕೀರ್ತಿಗೆ ಕಾರಣ ರಿಸಿನ್ ಎಂಬ ಪ್ರೋಟೀನು. 1888ರಲ್ಲಿ ಡೋರ್ಪಾಟ್ ವಿಶ್ವವಿದ್ಯಾಲಯದ ಸ್ಟಿಲ್‌ಮಾರ್ಕ್ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅದಕ್ಕೆ ಎರಡು ಎಳೆ: ಒಂದು ಜೀವಕೋಶದ ಬಾಗಿಲು ಹಿಡಿಯುತ್ತದೆ, ಇನ್ನೊಂದು ಒಳಹೊಕ್ಕು ಪ್ರೋಟೀನು ತಯಾರಿಸುವ ರೈಬೋಸೋಮುಗಳನ್ನು ಒಂದೊಂದಾಗಿ ಕೆಡಿಸುತ್ತ ಹೋಗುತ್ತದೆ. ಎಣ್ಣೆಯಲ್ಲಿ ಈ ವಿಷ ಇಳಿಯುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಆದ್ದರಿಂದಲೇ ಮಕ್ಕಳಿಗೆ ಹರಳೆಣ್ಣೆ ಕುಡಿಸಿದ ಅಜ್ಜಿಯರ ಮೇಲೆ ಯಾವ ಆರೋಪವೂ ಇಲ್ಲ. ಗೊಬ್ಬರಕ್ಕೆಂದು ತಂದ ಹರಳು ಹಿಂಡಿಯನ್ನು ಕಡಲೆಕಾಯಿ ಹಿಂಡಿಯ ಪಕ್ಕ ಒಟ್ಟಿದವರ ಮೇಲೆ ಇದೆ.

ಸತ್ಕಾರದಲ್ಲಿ ಹರಳಿನವರು ಪಂಕ್ತಿಭೇದ ಮಾಡುತ್ತಾರೆ. ಪಶುವೈದ್ಯ ಗ್ರಂಥಗಳ ಲೆಕ್ಕದಲ್ಲಿ ಕೊಲ್ಲುವ ಪ್ರಮಾಣ ಪ್ರತಿ ಕಿಲೋ ದೇಹತೂಕಕ್ಕೆ ಕೋಳಿಗೆ ಸುಮಾರು 14 ಗ್ರಾಂ ಬೀಜ, ದನಕ್ಕೆ 2 ಗ್ರಾಂ, ಕುದುರೆಗೆ ಬರೀ 0.1 ಗ್ರಾಂ. 300 ಕಿಲೋ ತೂಗುವ ಜಟಕಾ ಕುದುರೆಗೆ 30 ಗ್ರಾಂ, ಅಂದರೆ ಒಂದು ಹಿಡಿ ಸಾಕು. ಸಾಲದೆಂಬಂತೆ ಕುದುರೆಗೆ ವಾಂತಿ ಮಾಡಲು ಬಾರದು. ಒಳಗೆ ಹೋದದ್ದು ಬಂದ ದಾರಿಯಲ್ಲಿ ಹಿಂತಿರುಗುವುದಿಲ್ಲ. ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ಹೊಟ್ಟೆಶೂಲೆ, ಬೆವರು, ನಡುಕ, ಭೇದಿ, ಕೊನೆಗೆ ಕುಸಿತ.

ಗುಲಗಂಜಿಯವರ ಅಬ್ರಿನ್ ಇದೇ ಕುಲದ್ದು, ಇನ್ನೂ ಖಾರ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನ ತೂಗಿದ ಈ ಬೀಜವನ್ನು ಬ್ರಿಟಿಷರ ಕಾಲದಲ್ಲಿ ಅರೆದು, ಮುಳ್ಳಿನಂತೆ ತೀಡಿ, ಒಣಗಿಸಿ, ಚರ್ಮದಾಸೆಗೆ ದನಗಳ ಮೈಗೆ ಚುಚ್ಚಿ ಕೊಂದವರಿದ್ದರು. ದತ್ತೂರಿಯವರದು ಬೇರೆ ಮನೆತನ. ಅಟ್ರೋಪಿನ್, ಸ್ಕೋಪೊಲಮಿನ್‌ಗಳಿಂದ ಅವರು ಕರುಳನ್ನೇ ನಿಲ್ಲಿಸುತ್ತಾರೆ: ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಲದ್ದಿ ಕಟ್ಟುತ್ತದೆ. ಒಂದೇ ಮೂಟೆಯಲ್ಲಿ ಕರುಳು ಹರಿಸುವವರೂ ಉಂಟು, ಕಟ್ಟುವವರೂ ಉಂಟು.

ಇಷ್ಟಾದರೂ ಬೀಜಗಳ ಪರವಾಗಿ ಹೇಳಬೇಕಾದದ್ದೊಂದಿದೆ. ಇಡಿಯಾಗಿದ್ದಾಗ ಹರಳು, ಗುಲಗಂಜಿಗಳ ಸಿಪ್ಪೆ ಗಟ್ಟಿ. ಅಗಿಯದೆ ನುಂಗಿದರೆ ಬಹುಪಾಲು ಹಾಗೆಯೇ ಆಚೆ ಬರುತ್ತವೆ. ಕಣ್ಣಿಗೂ ಬೀಳುತ್ತವೆ: ಒಂದು ಮಚ್ಚೆ ಮಚ್ಚೆ, ಒಂದು ಕೆಂಪು ಕಪ್ಪು. ನುಚ್ಚು ಮಾಡಿದ ಗಳಿಗೆಯಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತದೆ, ವಿಷ ಹೊರಬರುತ್ತದೆ, ಗುರುತು ಅಳಿಯುತ್ತದೆ. ಗಿರಣಿಯವರು ಎರಡಕ್ಕೂ ಸೇರಿಸಿ ಒಂದೇ ಕೂಲಿ ಪಡೆಯುತ್ತಾರೆ.

ಕಾವೇರಿ ಬಳಸಿ ಹರಿಯುವ ಮುಡುಕುತೊರೆಯಲ್ಲಿ, ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದ ಬುಡದಲ್ಲಿ ಸೇರುವುದು ದನಗಳ ಜಾತ್ರೆ, ಕುದುರೆ ಅಪರೂಪ. ಪರೀಕ್ಷೆಯ ಶಾಸ್ತ್ರ ಮಾತ್ರ ಅಲ್ಲಿ ಪರಿಪೂರ್ಣ. ಹಳ್ಳಿಕಾರ್ ಹೋರಿಯ ಬಾಯಿ ತೆರೆದು ಹಲ್ಲೆಣಿಸುತ್ತಾರೆ, ಸುಳಿ ಹುಡುಕುತ್ತಾರೆ, ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಅದೇ ಬಾಯಿಗೆ ಹೋಗುವ ಮೂಟೆಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಎತ್ತು ತಿಂದು ದಕ್ಕಿಸಿಕೊಂಡ ಹಿಂಡಿ ಕುದುರೆಗೂ ದಕ್ಕೀತು ಎಂಬ ವಾದ ಎದ್ದರೆ, ಮೇಲಿನ ಲೆಕ್ಕದ ಪ್ರಕಾರ ಅದು ಇಪ್ಪತ್ತು ಪಟ್ಟು ತಪ್ಪು.

ಇಂಗ್ಲೆಂಡಿನ ನ್ಯಾಯಾಲಯವೊಂದು 1923ರಲ್ಲಿ ಕೊಬ್ಬರಿ ಹಿಂಡಿಗೆ ಹರಳು ಬೆರೆತ ಪ್ರಕರಣವನ್ನು ವಿಚಾರಿಸಿ, ಅದು ಕಲಬೆರಕೆಯ ಕೊಬ್ಬರಿ ಹಿಂಡಿಯಲ್ಲ, ಕೊಬ್ಬರಿ ಹಿಂಡಿಯೇ ಅಲ್ಲ ಎಂದಿತು. ಬೂಸಾ ಅಂಗಡಿಯ ಬೋರ್ಡಿಗೆ ಈ ತರ್ಕ ಹೊಂದಿಸಿದರೆ ಎಷ್ಟೋ ಹೆಸರು ಅಳಿಸಬೇಕಾದೀತು.

ರಿಸಿನ್‌ಗೆ ಪ್ರತಿವಿಷವಿಲ್ಲ. ಪಶುವೈದ್ಯರು ಬೇಗ ತಲುಪಿದರೆ ಮೂಗಿನ ನಳಿಗೆಯಿಂದ ಔಷಧದ ಇದ್ದಿಲಪುಡಿ, ರಕ್ತನಾಳಕ್ಕೆ ದ್ರವ, ನೋವಿಗೆ ಮದ್ದು. ಉಳಿದದ್ದು ಕುದುರೆಯ ಆಯುಸ್ಸು. ಹಬೆಯಲ್ಲಿ ಸಾಕಷ್ಟು ಹೊತ್ತು ಬೆಂದರೆ ರಿಸಿನ್ ಸೋಲುತ್ತದೆ, ದತ್ತೂರಿ ಜಗ್ಗುವುದಿಲ್ಲ. ಆದ್ದರಿಂದ ಜರಡಿ ಎರಡು ಬೇಕು: ದಪ್ಪ ಕಣ್ಣಿನದರ ಮೇಲೆ ಹರಳು ನಿಲ್ಲುತ್ತದೆ, ಸಣ್ಣ ಕಣ್ಣಿನದರಲ್ಲಿ ದತ್ತೂರಿ ಉದುರುತ್ತದೆ. ಹುರುಳಿಯ ಗಾತ್ರದ ಗುಲಗಂಜಿಯನ್ನು ಕೈಯಲ್ಲೇ ಆರಿಸಬೇಕು, ಅದೂ ನುಚ್ಚು ಮಾಡುವ ಮೊದಲು.

ಪ್ರತಿಗಳು:
1. ಗುಲಗಂಜಿಯವರಿಗೆ, ಬೇಲಿ.
2. ದತ್ತೂರಿಯವರಿಗೆ, ತಿಪ್ಪೆ.
3. ಜರಡಿಗೆ, ಅಟ್ಟ. ಕೆಳಗಿಳಿದ ಮೇಲೆ ತಲುಪಿಸತಕ್ಕದ್ದು.
4. ಕುದುರೆಗೆ: ಓದು ಬಾರದ ಕಾರಣ ಕಳುಹಿಸಿಲ್ಲ.